ಕಾಡುವ ಚಂದ್ರನೇ ಕಾವಲಿಗೆ ನಿಂತಾಗ

2025ರ ನವೆಂಬರ್ 12ರ ಬೆಳಗಿನ ಜಾವ 4 ಗಂಟೆ 48 ನಿಮಿಷಕ್ಕೆ ಚಂದ್ರನ ನೆಲದಿಂದ 4,537 ಕಿ.ಮೀ. ಎತ್ತರದಲ್ಲಿ ನಮ್ಮದೇ ಒಂದು ನೌಕೆ ಹಾದುಹೋಯಿತು. ಬೆಂಗಳೂರಿನಾಚೆ ಬ್ಯಾಲಾಳುವಿನಲ್ಲಿರುವ ಇಸ್ರೊದ ಆಂಟೆನಾಗಳು ಅದರ ದನಿಗೆ ಕಿವಿಗೊಟ್ಟಿದ್ದವು. ಅದಕ್ಕೂ ಮೊದಲು, ನವೆಂಬರ್ 6ರಂದು, ಅದೇ ನೌಕೆ ಇನ್ನೂ ಹತ್ತಿರದಲ್ಲಿ, 3,740 ಕಿ.ಮೀ. ಅಂತರದಲ್ಲಿ ಸುಳಿದಿತ್ತು. ಆದರೆ ಅದು ನಮಗೆ ನಡುಹಗಲಿನ ಹೊತ್ತು. ಚಂದ್ರ ಬ್ಯಾಲಾಳುವಿನ ಬಾನಿನಲ್ಲಿರಲಿಲ್ಲ.

ಚಂದ್ರಯಾನ-3 ಎಂದರೆ ನಮಗೆ ನೆನಪಾಗುವುದು ವಿಕ್ರಮ್ ಲ್ಯಾಂಡರ್ ಮತ್ತು ಪ್ರಜ್ಞಾನ್ ರೋವರ್. ಅವರಿಬ್ಬರನ್ನೂ ಹೊತ್ತು ಚಂದ್ರನ ಕಕ್ಷೆಯವರೆಗೆ ಒಯ್ದು, 2023ರ ಆಗಸ್ಟ್ 17ರಂದು ಬಿಟ್ಟುಕೊಟ್ಟ ಪ್ರೊಪಲ್ಷನ್ ಮಾಡ್ಯೂಲನ್ನು, ಅವರು ಚಂದ್ರನ ಮೇಲಿಳಿದ ಆಗಸ್ಟ್ 23ರ ಸಂಜೆ ಟಿ.ವಿ. ಮುಂದೆ ಕುಳಿತಿದ್ದ ಯಾರೂ ನೆನೆಯಲಿಲ್ಲ. ನವೆಂಬರಿನಲ್ಲಿ ಚಂದ್ರನ ಪಕ್ಕ ಸುಳಿದದ್ದು ಅದೇ. ಹೊರೆ ಇಳಿಸಿದ ಮೇಲೂ ಅದರ ತೊಟ್ಟಿಯಲ್ಲಿ ನೂರು ಕಿಲೊಗೂ ಹೆಚ್ಚು ಇಂಧನ ಮಿಕ್ಕಿತ್ತು. ಇಸ್ರೊ ಅದನ್ನು ವ್ಯರ್ಥ ಮಾಡಲಿಲ್ಲ. 2023ರ ಅಕ್ಟೋಬರ್ 9ರಂದು ಅದರ ಕಕ್ಷೆಯ ದೂರದ ತುದಿಯನ್ನು 5,112 ಕಿ.ಮೀ.ಗೆ ಎತ್ತಿ, 13ರಂದು ಭೂಮಿಯ ಕಡೆಗೆ ತಿರುಗಿಸಿತು. ಚಂದ್ರನನ್ನು ನಾಲ್ಕು ಬಾರಿ ಹಾದು, ಅದೇ ವರ್ಷದ ನವೆಂಬರ್ 10ರಂದು ನೌಕೆ ಅದರ ಸೆರಗು ಬಿಟ್ಟಿತು. ಚಂದ್ರನಿಂದ ಮಣ್ಣು ಕಲ್ಲು ತರಬೇಕೆಂದರೆ ಬಿಟ್ಟುಬರುವ ದಾರಿ ಗೊತ್ತಿರಬೇಕಲ್ಲ, ಅದಕ್ಕೆ ಇದು ತಾಲೀಮು.

ಭೂಮಿಯ ಸುತ್ತ ಅದಕ್ಕೆ ಸಿಕ್ಕ ಕಕ್ಷೆಯ ಅವಧಿ ಸುಮಾರು 13 ದಿನ. ಎರಡು ವರ್ಷ ತಿರುಗಿದ ಮೇಲೆ, ಚಂದ್ರನ ಭೇಟಿಗೆ ಮುಂಚೆ, ಆ ಕಕ್ಷೆ 1 ಲಕ್ಷ ಕಿ.ಮೀ.ಯಿಂದ 3 ಲಕ್ಷ ಕಿ.ಮೀ.ವರೆಗಿನದಾಗಿತ್ತು. ಎರಡು ಭೇಟಿ ಮುಗಿಯುವಷ್ಟರಲ್ಲಿ ಅದು 4.09 ಲಕ್ಷದಿಂದ 7.27 ಲಕ್ಷ ಕಿ.ಮೀ.ಗೆ ಹಿಗ್ಗಿತ್ತು; ಓರೆ 34 ಡಿಗ್ರಿಯಿಂದ 22ಕ್ಕೆ ಇಳಿದಿತ್ತು. ಕೆಪ್ಲರನ ನಿಯಮದಂತೆ ಲೆಕ್ಕ ಹಾಕಿದರೆ ಒಂದು ಸುತ್ತಿಗೆ ಈಗ ಹತ್ತಿರ ಹತ್ತಿರ 50 ದಿನ ಬೇಕು. ಒಂದೇ ವಾರದಲ್ಲಿ ಚಂದ್ರ ಆ ನೌಕೆಯ ಜಾತಕವನ್ನೇ ತಿದ್ದಿ ಬರೆದಿದ್ದ.

ಭೂಮಿಯಿಂದ ಲಕ್ಷ ಕಿಲೊಮೀಟರ್ ದಾಟಿದ ಯಾವ ಉಪಗ್ರಹಕ್ಕೂ ಚಂದ್ರ ಹೀಗೆ ಕಕ್ಷೆ ತಿದ್ದಿಬಿಡುವ ಭಯ ತಪ್ಪಿದ್ದಲ್ಲ. ಅಲ್ಲಿ ಗಾಳಿಯ ತಡೆ ಇಲ್ಲ, ವಿಕಿರಣದ ಪಟ್ಟಿಗಳು ಕೆಳಗೆ ಉಳಿದಿರುತ್ತವೆ, ಭೂಮಿ ಕಣ್ಣಿಗೆ ಅಡ್ಡ ಬರುವುದು ಕಡಿಮೆ. ದೂರದರ್ಶಕ ಇಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಆದರೆ ಅಲ್ಲಿ ಚಂದ್ರನ ಕಾಟ. ಪ್ರತಿ ಸುತ್ತಿನಲ್ಲೂ ಒಂದಿಷ್ಟು ಎಳೆಯುತ್ತಾನೆ, ಕೆಲವೊಮ್ಮೆ ಮುಂದಕ್ಕೆ, ಕೆಲವೊಮ್ಮೆ ಹಿಂದಕ್ಕೆ. ವರ್ಷಗಟ್ಟಲೆ ಕೂಡುತ್ತಾ ಹೋದ ಆ ಎಳೆತ ಎಲ್ಲಿಗೆ ಒಯ್ದು ನಿಲ್ಲಿಸುತ್ತದೆಂದು ಹೇಳುವುದು ಕಷ್ಟ.

ಎಷ್ಟು ಕಷ್ಟ ಎಂಬುದನ್ನು ಮೊದಲು ತೋರಿಸಿಕೊಟ್ಟದ್ದು ಸೋವಿಯತ್ ಒಕ್ಕೂಟದ ಲೂನಾ-3. 1959ರ ಅಕ್ಟೋಬರ್ 4ರಂದು ಹೊರಟು, 7ರಂದು ಚಂದ್ರನ ಆಚೆ ಬದಿಯ ಚಿತ್ರ ತೆಗೆದ ನೌಕೆ ಅದು. ಮನುಷ್ಯ ಆವರೆಗೆ ಕಂಡಿರದ ಮುಖವನ್ನು ಮೊದಲ ಸಲ ತೋರಿಸಿತು. ಅದರ ಸಾವಿನ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಚಿತ್ರ ತೆಗೆದು ಹಿಂತಿರುಗಿದ ಲೂನಾ-3 ಭೂಮಿಯ ಸುತ್ತ ಎತ್ತರದ ಉದ್ದನೆಯ ಕಕ್ಷೆಯಲ್ಲಿತ್ತು. ಬರೇ 11 ಸುತ್ತು. ಪ್ರತಿ ಸುತ್ತಿಗೂ ಕಕ್ಷೆ ಇನ್ನಷ್ಟು ನೀಳವಾಗುತ್ತಾ, ಭೂಮಿಯ ಬಳಿಯ ತುದಿ ಕೆಳಗೆ ಕೆಳಗೆ ಜಾರಿ, 1960ರಲ್ಲಿ ನೌಕೆ ವಾತಾವರಣಕ್ಕೆ ಬಿದ್ದು ಉರಿದುಹೋಯಿತು. ಎಂಜಿನ್ ಕೆಟ್ಟಿರಲಿಲ್ಲ, ಯಾರೂ ತಪ್ಪು ಆಜ್ಞೆ ಕಳಿಸಿರಲಿಲ್ಲ. ಬೀಳಿಸಿದ್ದು ಚಂದ್ರ ಮತ್ತು ಸೂರ್ಯರ ಸೆಳೆತ.

ಆ ಸೆಳೆತದ ಗಣಿತವನ್ನು ಕೂತು ಬಿಡಿಸಿದವರು ಮಾಸ್ಕೋದ ಮಿಖಾಯಿಲ್ ಲಿಡೋವ್. ಕಕ್ಷೆ ಬಹಳ ಓರೆಯಾಗಿದ್ದರೆ ಆ ಓರೆ ನಿಧಾನಕ್ಕೆ ನೀಳತೆಯಾಗಿ ಬದಲಾಗುತ್ತದೆ, ನೀಳತೆ ಮತ್ತೆ ಓರೆಯಾಗುತ್ತದೆ ಎಂದು 1961ರಲ್ಲಿ ಅವರು ತೋರಿಸಿದರು. ಮರುವರ್ಷ ಜಪಾನಿನ ಯೊಶಿಹಿದೆ ಕೊಝಾಯ್ ಕ್ಷುದ್ರಗ್ರಹಗಳ ವಿಚಾರದಲ್ಲಿ ಅದೇ ತೀರ್ಮಾನಕ್ಕೆ ಬಂದರು. ಲಿಡೋವ್ ಒಂದು ತಮಾಷೆಯ ಲೆಕ್ಕವನ್ನೂ ಮಾಡಿದ್ದರು: ನಮ್ಮ ಚಂದ್ರನ ಕಕ್ಷೆಯನ್ನೇ 90 ಡಿಗ್ರಿ ಎತ್ತಿ ನೆಟ್ಟಗೆ ನಿಲ್ಲಿಸಿದರೆ, ಸೂರ್ಯನ ಸೆಳೆತಕ್ಕೆ ಸಿಕ್ಕಿ ಅದು ಕೆಲವೇ ವರ್ಷಗಳಲ್ಲಿ ಭೂಮಿಗೆ ಬಂದು ಬಡಿಯುತ್ತದೆ. ಸದ್ಯ, ಚಂದ್ರನ ಓರೆ ಐದು ಡಿಗ್ರಿ ಮಾತ್ರ. ನಮ್ಮ ಪುಣ್ಯ.

ಇಂಥ ಚಂದ್ರನನ್ನು ದೂರ ಇಡುವುದಾಗದು. ಲೆಕ್ಕಕ್ಕೆ ತೆಗೆದುಕೊಂಡು ಬಾಳಬಹುದು. ಆ ಲೆಕ್ಕಕ್ಕೆ ಅನುರಣನೆ ಎನ್ನುತ್ತಾರೆ. ಚಂದ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ನೌಕೆ ಸರಿಯಾಗಿ ಎರಡು ಸುತ್ತು, ಅಥವಾ ಮೂರು ಸುತ್ತು ಮುಗಿಸುವಂತೆ ಅದರ ಅವಧಿಯನ್ನು ಹೊಂದಿಸುವುದು. ಹೊಂದಿಸಿದರೆ ಚಂದ್ರನೂ ನೌಕೆಯೂ ಎದುರುಬದುರಾಗುವ ಜಾಗಗಳು ಬದಲಾಗುವುದಿಲ್ಲ. ಪ್ರಕೃತಿಯಲ್ಲಿ ಇದು ಹೊಸತಲ್ಲ. ಗುರುವಿನ ಚಂದ್ರರಾದ ಅಯೊ, ಯೂರೋಪ, ಗ್ಯಾನಿಮೀಡ್ 4:2:1ರ ಲೆಕ್ಕದಲ್ಲಿ ಸುತ್ತುತ್ತವೆ. ನೆಪ್ಚೂನ್ ಮೂರು ಸುತ್ತು ಸುತ್ತುವಾಗ ಪ್ಲೂಟೊ ಎರಡು. ಎರಡರ ದಾರಿ ನಕ್ಷೆಯಲ್ಲಿ ಒಂದನ್ನೊಂದು ದಾಟಿದಂತೆ ಕಂಡರೂ ಅವು ಎಂದೂ ಹತ್ತಿರ ಬರುವುದಿಲ್ಲ. ಆದರೆ ಅನುರಣನೆ ಯಾವಾಗಲೂ ಕಾಯುತ್ತದೆ ಎಂದು ನಂಬಬೇಡಿ. ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹ ಪಟ್ಟಿಯಲ್ಲಿ ಗುರುವಿನೊಡನೆ 3:1ರ ಹೊಂದಾಣಿಕೆಯಿರುವ ಜಾಗ ಖಾಲಿ ಬಿದ್ದಿದೆ. ಅಲ್ಲಿದ್ದ ಕಲ್ಲುಗಳನ್ನು ಅನುರಣನೆಯೇ ಗುಡಿಸಿ ಹಾಕಿತು. ಆ ಖಾಲಿ ಜಾಗಗಳನ್ನು ಗುರುತಿಸಿದವರು 19ನೇ ಶತಮಾನದ ಅಮೆರಿಕದ ಡೇನಿಯಲ್ ಕರ್ಕ್‌ವುಡ್.

ಒಂದೇ ಲೆಕ್ಕ ಒಂದು ಕಡೆ ಕಾಯುತ್ತದೆ, ಇನ್ನೊಂದು ಕಡೆ ಕೊಲ್ಲುತ್ತದೆ. ಅನುಪಾತ ಮುಟ್ಟಿದರೆ ಸಾಲದು, ಭೇಟಿ ಎಲ್ಲಿ ಎಂಬುದೂ ನಿಗದಿಯಾಗಬೇಕು. ಒಂಟಿ ಹಳಿಯ ರೈಲು ಮಾರ್ಗದಲ್ಲಿ ಎದುರುಬದುರು ಬರುವ ಎರಡು ಗಾಡಿಗಳು ಡಿಕ್ಕಿಯಾಗದಿರುವುದು ಅವು ಯಾವ ಸ್ಟೇಷನ್ನಿನಲ್ಲಿ ಕ್ರಾಸಿಂಗ್ ಮಾಡಬೇಕೆಂದು ವೇಳಾಪಟ್ಟಿಯಲ್ಲಿ ಬರೆದಿರುವುದರಿಂದ. ವೇಗ ಎಷ್ಟೇ ಸರಿಯಿದ್ದರೂ ಕ್ರಾಸಿಂಗ್ ಜಾಗ ತಪ್ಪಿದರೆ ಗತಿ ಏನು?

ಈ ವೇಳಾಪಟ್ಟಿಯನ್ನು ಮೊದಲು ಬರೆದುಕೊಂಡದ್ದು ಅಮೆರಿಕದ ಐಬೆಕ್ಸ್ ಎಂಬ ಪುಟ್ಟ ನೌಕೆ, ಅದೂ ಅನಿವಾರ್ಯಕ್ಕೆ. 2008ರ ಅಕ್ಟೋಬರ್ 19ರಂದು, ಅಂದರೆ ನಮ್ಮ ಚಂದ್ರಯಾನ-1 ಹಾರುವುದಕ್ಕೆ ಮೂರೇ ದಿನ ಮುಂಚೆ, ಅದು ಹೊರಟಿತ್ತು. ಸೂರ್ಯನ ಗಾಳಿ ಅಂತರತಾರಾ ಅನಿಲವನ್ನು ಸಂಧಿಸುವ ಗಡಿಯನ್ನು ನಕ್ಷೆ ಮಾಡುವುದು ಅದರ ಕೆಲಸ. ಮೊದಲ ಯೋಜನೆ ಮುಗಿದ ಮೇಲೂ ನೌಕೆ ಗಟ್ಟಿಮುಟ್ಟಾಗಿತ್ತು. ನೆಮ್ಮದಿ ಇಲ್ಲದ್ದು ಅದರ ಕಕ್ಷೆಗೆ. ಚಂದ್ರನ ಎಳೆತದಿಂದ ಕೆಲವು ವರ್ಷಗಳಾಚೆಗೆ ಅದು ಏನಾಗುತ್ತದೆಂದು ಖಚಿತವಾಗಿ ಹೇಳಲಾಗುತ್ತಿರಲಿಲ್ಲ. 2011ರ ಜೂನ್‌ನಲ್ಲಿ ಅದರ ಅವಧಿಯನ್ನು 9.1 ದಿನಕ್ಕೆ ಹೊಂದಿಸಿದರು. ಚಂದ್ರನ ಒಂದು ಸುತ್ತಿಗೆ ಮೂರು ಸುತ್ತು. ಅಂದಿನಿಂದ ಕಕ್ಷೆ ತಲೆನೋವಾಗಿ ಉಳಿಯಲಿಲ್ಲ.

ಈ 9.1 ಎಲ್ಲಿಂದ ಬಂತು ಎಂಬುದು ಪಂಚಾಂಗ ನೋಡುವವರಿಗೆ ಸುಲಭವಾಗಿ ತಿಳಿಯುತ್ತದೆ. ಚಂದ್ರ ಒಂದು ನಕ್ಷತ್ರದಿಂದ ಹೊರಟು ಮತ್ತೆ ಅದೇ ನಕ್ಷತ್ರಕ್ಕೆ ಬರಲು 27.32 ದಿನ ಬೇಕು. ಅಶ್ವಿನಿಯಿಂದ ರೇವತಿವರೆಗಿನ 27 ನಕ್ಷತ್ರಗಳ ಲೆಕ್ಕ ಇದು, ದಿನಕ್ಕೊಂದು ಮನೆ. ಹುಣ್ಣಿಮೆಯಿಂದ ಹುಣ್ಣಿಮೆಗೆ 29.53 ದಿನ; ಇದು 30 ತಿಥಿಗಳ ಲೆಕ್ಕ. ಮೊದಲನೆಯದರಲ್ಲಿ ಸೂರ್ಯನ ಪಾಲಿಲ್ಲ, ಎರಡನೆಯದರಲ್ಲಿ ಇದೆ. ಚಂದ್ರನ ಸೆಳೆತದಿಂದ ಪಾರಾಗಲು ಹೊರಟ ನೌಕೆ ನಕ್ಷತ್ರದ ಲೆಕ್ಕ ಹಿಡಿಯುತ್ತದೆ. 27.32ನ್ನು ಮೂರರಿಂದ ಭಾಗಿಸಿದರೆ 9.1, ಎರಡರಿಂದ ಭಾಗಿಸಿದರೆ 13.7. ಆ 13.7 ದಿನದ ಮನೆಯಲ್ಲಿ ಈಗ ವಾಸವಾಗಿರುವುದು ಟೆಸ್.

ಟೆಸ್ ನಾಸಾದ್ದು, ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ನೇತೃತ್ವದ್ದು. ಅನ್ಯ ನಕ್ಷತ್ರಗಳ ಮುಂದೆ ಗ್ರಹಗಳು ಹಾದು ಹೋಗುವಾಗ ಬೆಳಕು ತುಸುವೇ ಮಂಕಾಗುವುದನ್ನು ನಾಲ್ಕು ಕ್ಯಾಮೆರಾಗಳಲ್ಲಿ ಹಿಡಿಯುತ್ತದೆ. ಈ ಕೆಲಸಕ್ಕೆ ಬೇಕಾದದ್ದು ಕಣ್ಣು ಮಿಟುಕಿಸದ ನೋಟ, ಏರಿಳಿಯದ ಉಷ್ಣತೆ, ಅಡ್ಡ ಬಾರದ ಭೂಮಿ. ಅದರ ಕಕ್ಷೆಯ ಹತ್ತಿರದ ತುದಿ ಸುಮಾರು 1.08 ಲಕ್ಷ ಕಿ.ಮೀ., ದೂರದ ತುದಿ 3.76 ಲಕ್ಷ ಕಿ.ಮೀ. ಚಂದ್ರನ ಸರಾಸರಿ ದೂರ 3.84 ಲಕ್ಷ. ಹಾಗಾದರೆ ಟೆಸ್ ಚಂದ್ರನ ಬೀದಿಯವರೆಗೂ ಹೋಗುತ್ತದೆ ಎಂದಾಯಿತು. ಹೋದರೂ ಚಂದ್ರ ಅಲ್ಲಿರುವುದಿಲ್ಲ. ಟೆಸ್ ದೂರದ ತುದಿಗೆ ಬಂದಾಗಲೆಲ್ಲ ಚಂದ್ರ ಸರಿಸುಮಾರು ಕಾಲು ಸುತ್ತು ಮುಂದಿರುತ್ತಾನೆ, ಇಲ್ಲವೇ ಕಾಲು ಸುತ್ತು ಹಿಂದಿರುತ್ತಾನೆ. ಆಗ ಇಬ್ಬರ ನಡುವಿನ ಅಂತರ ಐದು ಲಕ್ಷ ಕಿ.ಮೀ.ಗೂ ಮೀರುತ್ತದೆ.

ಇದರ ಚೆಲುವು ಇರುವುದು ಆ ಮುಂದೆ ಹಿಂದೆಯ ಸರದಿಯಲ್ಲಿ. ಈ ಸಲ ದೂರದ ತುದಿಯಲ್ಲಿದ್ದಾಗ ಚಂದ್ರ ಮುಂದಿದ್ದ, ನೌಕೆಯನ್ನು ಮುಂದಕ್ಕೆ ಎಳೆದ. 13.7 ದಿನ ಕಳೆದು ನೌಕೆ ಮತ್ತೆ ಅದೇ ತುದಿಗೆ ಬರುತ್ತದೆ. ಅಷ್ಟರಲ್ಲಿ ಚಂದ್ರ ಅರ್ಧ ಸುತ್ತು ಸಾಗಿ ಹಿಂಬದಿಗೆ ಬಂದಿರುತ್ತಾನೆ, ಈಗ ಹಿಂದಕ್ಕೆ ಎಳೆಯುತ್ತಾನೆ. ತಿಂಗಳ ಕೊನೆಗೆ ಜಮೆ ಖರ್ಚು ಸರಿಹೋಗುತ್ತದೆ. ಇನ್ನೂ ಒಂದು ಗುಣವಿದೆ. ನೌಕೆ ತನ್ನ ವೇಳೆಗಿಂತ ಸ್ವಲ್ಪ ಮುಂದೆ ಸರಿಯಿತು ಎನ್ನಿ. ಆಗ ಎರಡು ಎಳೆತಗಳ ನಡುವಿನ ಸಮತೋಲ ತಪ್ಪುತ್ತದೆ, ಮತ್ತು ತಪ್ಪುವುದು ಅದನ್ನು ಮರಳಿ ಜಾಗಕ್ಕೆ ತರುವ ದಿಕ್ಕಿನಲ್ಲೇ. ಹಿಂದೆ ಬಿದ್ದರೂ ಹಾಗೆಯೇ. ಹೀಗೆ ಅತ್ತಿತ್ತ ವಾಲಾಡುತ್ತಲೇ ಅದು ದಶಕಗಟ್ಟಲೆ ಉಳಿಯಬಲ್ಲದು. ಕಕ್ಷೆಯನ್ನು ಕಾಪಾಡಲು ಇಂಧನ ಸುಡಬೇಕಾಗಿಲ್ಲ, ಭೂಸ್ಥಿರ ಉಪಗ್ರಹಗಳ ಕಿಕ್ಕಿರಿದ ವಲಯಕ್ಕೆ ಇಳಿಯುವ ಭಯವೂ ಇಲ್ಲ. ಕಾಟ ಕೊಡುತ್ತಿದ್ದವನೇ ಕಾವಲುಗಾರನಾದ.

ಅಲ್ಲಿಗೆ ತಲುಪಿಸಿದವನೂ ಅವನೇ. 2018ರ ಏಪ್ರಿಲ್ 18ರಂದು ಫಾಲ್ಕನ್-9 ರಾಕೆಟ್ ಟೆಸ್ ನೌಕೆಯನ್ನು ಹಾರಿಸಿತು. ಭೂಮಿಯ ಸುತ್ತ ಕೆಲವು ಸುತ್ತು ಹಾಕಿ, ಮೇ 17ರಂದು ಚಂದ್ರನಿಂದ ಸುಮಾರು 8,000 ಕಿ.ಮೀ. ಅಂತರದಲ್ಲಿ ಹಾದುಹೋದಾಗ, ಆ ಒಂದೇ ಭೇಟಿ ಅದರ ಕಕ್ಷೆಯ ಸಮತಲವನ್ನು ಓರೆ ಮಾಡಿ, ಹತ್ತಿರದ ತುದಿಯನ್ನು ಮೇಲೆತ್ತಿತು. ಅಷ್ಟು ಕೆಲಸವನ್ನು ಎಂಜಿನ್‌ನಿಂದಲೇ ಮಾಡಿಸಿದ್ದರೆ ನೌಕೆ ಬರೇ ಇಂಧನದ ಡ್ರಮ್ಮಾಗಬೇಕಿತ್ತು. ಟೆಸ್ ತೂಗುವುದು 362 ಕೆ.ಜಿ. ಮಾತ್ರ. ಮೇ ಕೊನೆಯಲ್ಲಿ ಅವಧಿಯನ್ನು 13.7ಕ್ಕೆ ಹೊಂದಿಸುವ ಕೊನೆಯ ದಹನ ನಡೆಯಿತು. ಜುಲೈ 25ರಿಂದ ಗ್ರಹಬೇಟೆ ಶುರು.

ಬೇಟೆಯ ಕ್ರಮದಲ್ಲೂ ಚಂದ್ರನ ಲಯವೇ. ಟೆಸ್ ಬಾನನ್ನು ಪಟ್ಟಿಗಳಾಗಿ ಹಂಚಿಕೊಂಡು ಒಂದೊಂದನ್ನೂ ಸುಮಾರು 27 ದಿನ, ಅಂದರೆ ತನ್ನ ಎರಡು ಸುತ್ತು, ದಿಟ್ಟಿಸುತ್ತದೆ. 13 ಪಟ್ಟಿ ಮುಗಿದರೆ ಸರಿಸುಮಾರು ಒಂದು ವರ್ಷ, ಅರ್ಧ ಬಾನು. ಹತ್ತಿರದ ತುದಿಗೆ ಬಂದಾಗ ಹಿಡಿದಿಟ್ಟದ್ದನ್ನೆಲ್ಲ ಭೂಮಿಗೆ ಸುರಿದು ಮತ್ತೆ ಮೇಲೇರುತ್ತದೆ. ಮೊದಲ ಫಲವಾಗಿ ಸಿಕ್ಕ ಗ್ರಹ ಪೈ ಮೆನ್ಸೆ ಎಂಬ ನಕ್ಷತ್ರದ್ದು. ಇಲ್ಲಿಯವರೆಗೆ ದೃಢಪಟ್ಟವು ನೂರಾರು, ಪರೀಕ್ಷೆಗೆ ಕಾದಿರುವವು ಸಾವಿರಾರು.

ಈವರೆಗೆ ಹೇಳಿದ್ದೆಲ್ಲ ಭೂಮಿಯನ್ನು ಸುತ್ತುತ್ತಾ ಚಂದ್ರನೊಡನೆ ತಾಳೆ ಹಾಕಿಕೊಂಡವರ ಕಥೆ. ಚಂದ್ರನನ್ನೇ ಸುತ್ತುವವರ ಪಾಡು ಬೇರೆ. ಚಂದ್ರನ ಒಳಗೆ ಅಲ್ಲಲ್ಲಿ ದ್ರವ್ಯ ದಟ್ಟವಾಗಿರುವುದರಿಂದ ಅದರ ಗುರುತ್ವ ಏಕಪ್ರಕಾರವಾಗಿಲ್ಲ. ತೀರ ಕೆಳಗೆ ಸುತ್ತುವ ನೌಕೆಗಳನ್ನು ಅದು ಎತ್ತಿ ಹಾಕುತ್ತದೆ. ಅಪೊಲೊ-16ರ ಗಗನಯಾತ್ರಿಗಳು 1972ರ ಏಪ್ರಿಲ್‌ನಲ್ಲಿ ಬಿಟ್ಟುಬಂದ ಪುಟ್ಟ ಉಪಗ್ರಹ 35 ದಿನಗಳಲ್ಲಿ ಚಂದ್ರನಿಗೇ ಅಪ್ಪಳಿಸಿತು. ಹಾಗೆಂದು ದೂರ ಸರಿದರೆ ಭೂಮಿಯ ಎಳೆತ. ಈ ಎರಡರ ನಡುವೆ ಒಂದು ದಾರಿ ಇದೆ. ಪರ್ಡ್ಯೂ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ಹಾವೆಲ್ ಮತ್ತು ಸ್ಟ್ಯಾನ್‌ಫರ್ಡ್‌ನ ಜಾನ್ ಬ್ರೇಕ್‌ವೆಲ್ 1980ರ ದಶಕದಲ್ಲಿ ಕಾಗದದ ಮೇಲೆ ತೋರಿಸಿದ, ನೆಟ್ಟಗಿರುವ ಸೌಟಿನಾಕಾರದ ಹಾಲೊ ಕಕ್ಷೆಗಳು. ಚಂದ್ರನ ಉತ್ತರ ಧ್ರುವದ ಮೇಲೆ 1,500 ಕಿ.ಮೀ. ಎತ್ತರದಲ್ಲಿ ಥಟ್ಟನೆ ಹಾದು, ದಕ್ಷಿಣದ ಕಡೆಗೆ 70,000 ಕಿ.ಮೀ.ವರೆಗೆ ಏರಿ ಅಲ್ಲಿ ಬಹುಕಾಲ ಕಳೆಯುತ್ತವೆ. ಭೂಮಿ ಎಂದೂ ಕಣ್ಣಿನಿಂದ ಮರೆಯಾಗುವುದಿಲ್ಲ.

ನಾಸಾ ಚಂದ್ರನ ಬಳಿ ಯೋಜಿಸಿದ ಗೇಟ್‌ವೇ ನಿಲ್ದಾಣಕ್ಕೆ ಆರಿಸಿದ್ದು ಈ ಕುಟುಂಬದ ಒಂದು ಕಕ್ಷೆಯನ್ನೇ. ಇಲ್ಲಿ ಲೆಕ್ಕ ತಿಥಿಯದು, ನಕ್ಷತ್ರದ್ದಲ್ಲ. ಎರಡು ಹುಣ್ಣಿಮೆಗಳ ನಡುವಿನ 29.53 ದಿನವನ್ನು ಎರಡು ಪಟ್ಟು ಮಾಡಿ ಒಂಬತ್ತರಿಂದ ಭಾಗಿಸಿದರೆ 6.56 ದಿನ, ಅದೇ ಒಂದು ಸುತ್ತಿನ ಅವಧಿ. ಎರಡು ತಿಂಗಳಿಗೆ ಒಂಬತ್ತು ಸುತ್ತು. ಸೂರ್ಯನ ಲೆಕ್ಕ ಯಾಕೆ ಬೇಕಾಯಿತೆಂದರೆ ಇಲ್ಲಿ ತಪ್ಪಿಸಬೇಕಾದದ್ದು ಭೂಮಿಯ ನೆರಳನ್ನು. ಆ ನೆರಳು ಚಂದ್ರನ ಬಳಿ ಸುಳಿಯುವುದು ಹುಣ್ಣಿಮೆಯ ಹೊತ್ತಿಗೆ. ಸೌರಫಲಕವನ್ನೇ ನಂಬಿದ ನಿಲ್ದಾಣ ಗಂಟೆಗಟ್ಟಲೆ ಕತ್ತಲಲ್ಲಿ ಸಿಕ್ಕಿದರೆ ಒಳಗಿರುವವರ ಕಥೆ? ಅವಧಿಯನ್ನು ಹುಣ್ಣಿಮೆಗೆ ಕಟ್ಟಿಹಾಕಿ, ಸರಿಯಾದ ಕ್ಷಣಕ್ಕೆ ಸುತ್ತು ಶುರುಮಾಡಿದರೆ ಆ ನೆರಳು ವರ್ಷಗಳ ಕಾಲ ಅದರ ದಾರಿಗೆ ಬೀಳುವುದೇ ಇಲ್ಲ.

ಕಾಗದದ ಲೆಕ್ಕವನ್ನು ಪರೀಕ್ಷಿಸಲು ಮೊದಲು ಹೋದದ್ದು ಕ್ಯಾಪ್‌ಸ್ಟೋನ್, 25 ಕೆ.ಜಿ. ತೂಕದ ನೌಕೆ. 2022ರ ಜೂನ್ 28ರಂದು ನ್ಯೂಜಿಲೆಂಡಿನ ಮಾಹಿಯಾದಿಂದ ಹೊರಟ ಮೇಲೆ ಅದು ಪಟ್ಟ ಪಾಡು ಒಂದೆರಡಲ್ಲ. ಜುಲೈನಲ್ಲಿ ಸಂಪರ್ಕ ಕಡಿದು ಮತ್ತೆ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಥ್ರಸ್ಟರಿನ ಕವಾಟವೊಂದು ಕೈಕೊಟ್ಟು ನೌಕೆ ಗಿರಗಿರನೆ ತಿರುಗತೊಡಗಿತು. ತಿಂಗಳು ಹೆಣಗಿ ಅದನ್ನು ಹಿಡಿತಕ್ಕೆ ತಂದರು. ನವೆಂಬರ್ 13ರಂದು ಅದು ನಿಗದಿಯಾದ ಕಕ್ಷೆ ಸೇರಿತು. ಗೇಟ್‌ವೇಗೆ ಹಣ ಕೊಡಬೇಕೇ ಬೇಡವೇ ಎಂದು ವಾಷಿಂಗ್ಟನ್ನಿನಲ್ಲಿ ಆಮೇಲೆ ಸಾಕಷ್ಟು ಜಗ್ಗಾಟ ನಡೆದಿದೆ. ನಿಲ್ದಾಣದ ಗತಿ ಏನೇ ಆಗಲಿ, ಕಕ್ಷೆಯಂತೂ ಪರೀಕ್ಷೆ ಪಾಸಾಗಿದೆ. ಚೀನಾ ಕೂಡ ಇದೇ ಅಂಗಳದಲ್ಲಿದೆ: 2024ರ ಮಾರ್ಚ್‌ನಲ್ಲಿ ಅದು ಹಾರಿಸಿದ ಜೋಡಿ ಉಪಗ್ರಹಗಳು ರಾಕೆಟ್ಟಿನ ಮೇಲಿನ ಹಂತ ಕೈಕೊಟ್ಟು ತಪ್ಪು ಕಕ್ಷೆಗೆ ಬಿದ್ದರೂ, ತಿಂಗಳುಗಟ್ಟಲೆ ಲೆಕ್ಕ ಹಾಕಿ ಅವುಗಳನ್ನು ಚಂದ್ರನ ಕಡೆಗೆ ಒಯ್ದರು. ಒಂದು ಚಂದ್ರನ ಸುತ್ತಿನ ದೂರದ ಹಿಮ್ಮುಖ ಕಕ್ಷೆಯಲ್ಲಿ ಉಳಿಯಿತು, ಇನ್ನೊಂದು ಭೂಮಿ-ಚಂದ್ರರ ಅನುರಣನ ಕಕ್ಷೆಗೆ ಹೋಯಿತು.

ನಮ್ಮ ಪ್ರೊಪಲ್ಷನ್ ಮಾಡ್ಯೂಲಿನ 13 ದಿನ ಟೆಸ್‌ನ 13.7ಕ್ಕೆ ಎಷ್ಟು ಹತ್ತಿರ ನೋಡಿ. ಹತ್ತಿರವಿದ್ದರೆ ಸಾಲದು. ಅನುರಣನೆಗೆ ಹೊಂದಿಸುವುದು ಇಸ್ರೊದ ಉದ್ದೇಶವೂ ಆಗಿರಲಿಲ್ಲ. ನೌಕೆ ಚಂದ್ರನಿಗೆ ಡಿಕ್ಕಿಯಾಗದಂತೆ, 36,000 ಕಿ.ಮೀ.ಯ ಭೂಸ್ಥಿರ ವಲಯಕ್ಕೂ ಅದರ ಕೆಳಕ್ಕೂ ಇಳಿಯದಂತೆ ನೋಡಿಕೊಂಡಿತು, ಅಷ್ಟೇ. ವೇಳಾಪಟ್ಟಿ ಇಲ್ಲದ ಕಾರಣ ಎರಡೇ ವರ್ಷಕ್ಕೆ ಚಂದ್ರ ಎದುರಾದ. ಆದರೆ ಆ ಹಿಂತಿರುಗುವ ದಾರಿಯನ್ನು, ಚಂದ್ರನ ಸೆಳೆತದ ತಿರುವುಗಳನ್ನು ಲೆಕ್ಕ ಹಾಕುವ ತಂತ್ರಾಂಶವನ್ನು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವರು ಮೂಲದಿಂದ ತಾವೇ ಕಟ್ಟಿದರು. ಅನುರಣನ ಕಕ್ಷೆಗೆ ಬೇಕಾದ ಮುಖ್ಯ ವಿದ್ಯೆ ಅದೇ: ಚಂದ್ರನ ಪಕ್ಕ ಸರಿಯಾದ ಕ್ಷಣದಲ್ಲಿ, ಸರಿಯಾದ ಅಂತರದಲ್ಲಿ ಹಾದುಹೋಗುವುದು.

ಉಳಿದದ್ದೂ ನಮ್ಮಲ್ಲಿದೆ. 1,380 ಕೆ.ಜಿ.ಯ ಚಂದ್ರಯಾನ-1ನ್ನು ಚಂದ್ರನ ದಾರಿಗೆ ಹಚ್ಚಿದ್ದು ಪಿಎಸ್‌ಎಲ್‌ವಿ. ಟೆಸ್‌ನಷ್ಟು ತೂಕದ ದೂರದರ್ಶಕ ಅದಕ್ಕೆ ಭಾರವಲ್ಲ. ದತ್ತಾಂಶ ಇಳಿಸಿಕೊಳ್ಳಲು ಬ್ಯಾಲಾಳುವಿನಲ್ಲಿ 18 ಮೀಟರ್ ಮತ್ತು 32 ಮೀಟರ್ ಆಂಟೆನಾಗಳಿವೆ. ಆದರೂ ನಮ್ಮ ಖಗೋಳ ನೌಕೆಗಳಾದ ಆಸ್ಟ್ರೋಸ್ಯಾಟ್ ಮತ್ತು ಎಕ್ಸ್‌ಪೋಸ್ಯಾಟ್ ಎರಡೂ 650 ಕಿ.ಮೀ. ಎತ್ತರದಲ್ಲೇ ಸುತ್ತುತ್ತಿವೆ. ಅಲ್ಲಿಂದ ನೋಡಿದರೆ ಭೂಮಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಬಾನನ್ನು ನುಂಗಿರುತ್ತದೆ. ಒಂದೂವರೆ ಗಂಟೆಗೊಂದು ಸುತ್ತು, ಪ್ರತಿ ಸುತ್ತಿಗೂ ನೋಟಕ್ಕೆ ಅಡ್ಡಿ. ಆ ನೌಕೆಗಳ ಕೆಲಸಕ್ಕೆ ಅದು ಸರಿಯೇ ಇತ್ತು, ಆಕ್ಷೇಪವಿಲ್ಲ. ಟೆಸ್‌ನ ಕಕ್ಷೆಗೂ ಕುಂದಿಲ್ಲದಿಲ್ಲ. ದತ್ತಾಂಶಕ್ಕೆ ದಿನಗಟ್ಟಲೆ ಕಾಯಬೇಕು, ಥಟ್ಟನೆ ಸಿಡಿಯುವ ನಕ್ಷತ್ರದ ಸುದ್ದಿಯನ್ನು ಕೂಡಲೇ ಕೊಡಲಾರದು. ಆದರೆ ಒಂದೇ ಕಡೆ ವಾರಗಟ್ಟಲೆ ದಿಟ್ಟಿಸಬೇಕಾದ ಕೆಲಸಕ್ಕೆ ಅದನ್ನು ಮೀರಿಸುವ ಅಗ್ಗದ ಜಾಗ ಕಾಣದು.

ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಇನ್‌ಸಿಸ್ಟ್ ಎಂಬ, ಒಂದು ಮೀಟರ್ ಕನ್ನಡಿಯ ಬಾಹ್ಯಾಕಾಶ ದೂರದರ್ಶಕದ ಪ್ರಸ್ತಾವ ಮುಂದಿಟ್ಟಿದ್ದಾರೆ. ಅದಾಗಲಿ, ಅದರ ಹಿಂದೆ ಬರುವ ಇನ್ನೊಂದಾಗಲಿ, ಯಾವ ಕಕ್ಷೆಗೆ ಎಂಬ ಚರ್ಚೆ ಬಂದಾಗ 650 ಕಿ.ಮೀ.ಯನ್ನು ರೂಢಿಯಂತೆ ಬರೆದು ಮುಗಿಸದೆ, 13.7 ದಿನದ ಕಕ್ಷೆಯನ್ನೂ ಮೇಜಿನ ಮೇಲಿಟ್ಟು ತೂಗಿ ನೋಡಬೇಕು. ಅಲ್ಲಿಗೆ ಹೋಗಲು ಬೇಕಾದ ಲೆಕ್ಕ, ರಾಕೆಟ್, ಆಂಟೆನಾ ಮೂರೂ ಇದೇ ದೇಶದಲ್ಲಿವೆ.